ಕಿವಿಗೆ ಬೆರಳು ಕೊಟ್ಟ ಮೇಷ್ಟ್ರು

1980ರ ದಶಕದ ಒಂದು ದಿನ. ಲಂಡನ್ನಿನ ಲಿಂಡನ್ ಲಾಡ್ಜ್ ಅಂಧರ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಆಡಂ ಆಕಲ್‌ಫರ್ಡ್ ಒಂದು ಮಗುವಿಗೆ ಪಿಯಾನೊ ಪಾಠ ಹೇಳುತ್ತಿದ್ದರು. ಅಪ್ಪ ಅಮ್ಮನ ಜೊತೆ ಶಾಲೆ ನೋಡಲು ಬಂದಿದ್ದ, ಇನ್ನೂ ಐದು ತುಂಬದ ಹುಡುಗನೊಬ್ಬ ಪಿಯಾನೊ ಸದ್ದು ಕೇಳಿದ್ದೇ ಕೈ ಬಿಡಿಸಿಕೊಂಡು ನುಗ್ಗಿ ಬಂದ. ಕೂತಿದ್ದ ಮಗುವನ್ನು ಪಕ್ಕಕ್ಕೆ ತಳ್ಳಿ ಪಿಯಾನೊ ಬಡಿಯತೊಡಗಿದ. ಕೈಯ ಅಂಚಿನಿಂದ ಕೊಚ್ಚುತ್ತಿದ್ದ, ಮೊಣಕೈಯಿಂದ ಗುದ್ದುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಗದರಿ ಎಬ್ಬಿಸುತ್ತಿದ್ದರು. ಆಕಲ್‌ಫರ್ಡ್ ಕಿವಿಗೊಟ್ಟರು. ಆ ಗದ್ದಲದೊಳಗೆ 'ಡೋಂಟ್ ಕ್ರೈ ಫಾರ್ ಮಿ ಅರ್ಜೆಂಟೀನಾ' ಹಾಡು ಇತ್ತು.

ಹುಡುಗನ ಹೆಸರು ಡೆರೆಕ್ ಪ್ಯಾರವಿಚೀನಿ. 1979ರಲ್ಲಿ, ತಾಯಿಯ ಹೊಟ್ಟೆಯಲ್ಲಿ 25 ವಾರ ಕಳೆಯುವಷ್ಟರಲ್ಲಿ ಹುಟ್ಟಿದವನು. ಜೀವ ಉಳಿಸಲು ಕೊಟ್ಟ ಆಮ್ಲಜನಕವೇ ಕಣ್ಣು ಕಳೆಯಿತು. ಆಟಿಸಂ ಇತ್ತು, ಕಲಿಕೆಯ ತೀವ್ರ ತೊಡಕೂ ಇತ್ತು. ಎರಡು ವರ್ಷದವನಿದ್ದಾಗ ಆಯಾ ಒಂದು ಹಳೆಯ ಪುಟ್ಟ ಕೀಬೋರ್ಡ್ ತಂದು ಎದುರಿಗಿಟ್ಟರು. ಮಗು ತಾನು ಕೇಳಿದ ಹಾಡುಗಳನ್ನೆಲ್ಲ ಅದರಲ್ಲಿ ಹುಡುಕಿ ತೆಗೆಯತೊಡಗಿತು. ಆಧಾರ ಶ್ರುತಿಯೇ ಇಲ್ಲದೆ, ಕಿವಿಗೆ ಬಿದ್ದ ಸ್ವರ ಯಾವುದೆಂದು ಥಟ್ಟನೆ ಹಿಡಿಯುವ ಶಕ್ತಿ ಅವನಿಗೆ ಹುಟ್ಟಿನಿಂದಲೇ ಬಂದಂತಿತ್ತು. ಆದರೆ ಪಿಯಾನೊ ಮುಂದೆ ಕೂತವರ ಕೈ ಹೇಗಿರುತ್ತದೆಂದು ಅವನು ಕಂಡಿರಲಿಲ್ಲ. ಹತ್ತು ಬೆರಳಿಗೂ ಬೇರೆ ಬೇರೆ ಕೆಲಸವಿದೆ ಎಂಬುದೇ ಗೊತ್ತಿರಲಿಲ್ಲ.

ನನ್ನನ್ನು ಈ ಕಥೆಗೆ ಕಟ್ಟಿಹಾಕಿದ್ದು ಡೆರೆಕ್‌ನ ಪ್ರತಿಭೆಗಿಂತ ಮುಂದಿನ ಪಾಠಗಳು. ಮೇಷ್ಟ್ರು ಪಿಯಾನೊ ಮುಟ್ಟಿದರೆ ಸಾಕು, ಹುಡುಗ ತಳ್ಳಿಬಿಡುತ್ತಿದ್ದ. ಅದು ಅವನದು, ಇನ್ನೊಬ್ಬರಿಗೆ ಅಲ್ಲಿ ಜಾಗವಿಲ್ಲ. ಬಾಯಿಮಾತಿನಲ್ಲಿ ತಿಳಿಹೇಳುವ ದಾರಿಯೂ ಇರಲಿಲ್ಲ. ಆಕಲ್‌ಫರ್ಡ್ ಒಂದು ಉಪಾಯ ಮಾಡಿದರು. ಹುಡುಗನನ್ನು ಎತ್ತಿಕೊಂಡು ಹೋಗಿ ಕೋಣೆಯ ಆಚೆ ತುದಿಯಲ್ಲಿ ಬಿಡುವುದು, ಅವನು ಓಡಿ ಬರುವುದರೊಳಗೆ ತಾವು ಒಂದು ತುಣುಕು ನುಡಿಸಿಬಿಡುವುದು. ಸಿಗುತ್ತಿದ್ದದ್ದು ಕೆಲವೇ ಸೆಕೆಂಡು. ಓಡಿ ಬಂದ ಡೆರೆಕ್ ಅವರನ್ನು ಸರಿಸಿ ಅದೇ ತುಣುಕನ್ನು ನುಡಿಸುತ್ತಿದ್ದ. ಮತ್ತೆ ಎತ್ತಿಕೊಂಡು ಹೋಗುವುದು, ಮತ್ತೊಂದು ತುಣುಕು. ಹಾಗೆ ನಡೆಯುತ್ತ ನಡೆಯುತ್ತ, ಒಬ್ಬರು ನುಡಿಸಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬಹುದು ಎಂಬುದು ಹುಡುಗನಿಗೆ ಹೊಳೆಯಿತು. ಮಾತಿನಲ್ಲಿ ಆಗದಿದ್ದ ಸಂಭಾಷಣೆ ಪಿಯಾನೊದಲ್ಲಿ ಶುರುವಾಯಿತು.

ಆಮೇಲೆ ಬೆರಳಿನ ಸರದಿ. ಸ್ಕೇಲ್, ಅಂದರೆ ಏರಿಳಿಯುವ ಸ್ವರಗಳ ಸಾಲು, ನುಡಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಅಡಿಯಿಂದ ತೂರಿಸಬೇಕು. ಇಲ್ಲದಿದ್ದರೆ ಐದು ಸ್ವರಕ್ಕೇ ಕೈ ಮುಗಿದುಹೋಗುತ್ತದೆ. ಕಣ್ಣಿರುವ ಮಕ್ಕಳು ನೋಡಿ ಕಲಿಯುವ ಈ ಚಲನೆಯನ್ನು ಮುಟ್ಟಿಸಿಯೇ ಕಲಿಸಬೇಕಿತ್ತು. ಅದಾಗಲೇ ತನ್ನದೇ ರೀತಿಯಲ್ಲಿ ರೂಢಿಯಾದ ಕೈಯನ್ನು ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ವಾರಕ್ಕೊಮ್ಮೆ ಇದ್ದ ಪಾಠ ಕಡೆಗೆ ದಿನದ ಪಾಠವಾಯಿತು.

ಮುಂದಿನದು ಲೋಕಕ್ಕೆ ಗೊತ್ತಿರುವ ಕಥೆ. ಏಳನೆಯ ವಯಸ್ಸಿಗೆ ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ ಮೊದಲ ಕಛೇರಿ, ಒಂಬತ್ತಕ್ಕೆ ಬಾರ್ಬಿಕನ್ ಸಭಾಂಗಣದಲ್ಲಿ ದೊಡ್ಡ ವಾದ್ಯವೃಂದದ ಜೊತೆ. ಸಂಗೀತ ರಚನಕಾರ ಮ್ಯಾಥ್ಯೂ ಕಿಂಗ್ ಡೆರೆಕ್‌ಗೆಂದೇ 'ಬ್ಲೂ' ಎಂಬ ಕನ್ಚೆರ್ಟೊ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಪಿಯಾನೊ ಕೃತಿ, ರಚಿಸಿದರು. ಡೆರೆಕ್ ಅದನ್ನೂ ಕೇಳಿಯೇ ಕಲಿತು 2011ರಲ್ಲಿ ನುಡಿಸಿದರು. ಒಮ್ಮೆ ಕೇಳಿದ ಹಾಡನ್ನು ಹನ್ನೆರಡರಲ್ಲಿ ಯಾವ ಶ್ರುತಿಗೆ ಬೇಕಾದರೂ ಏರಿಸಿ ಇಳಿಸಿ ನುಡಿಸಬಲ್ಲರು. ಕ್ಯಾಮೆರಾಗಳಿಗೆ ಇದು ಪವಾಡ. ಕೋಣೆಯ ಆ ತುದಿಗೂ ಈ ತುದಿಗೂ ಮಗುವನ್ನು ಹೊತ್ತು ತಿರುಗಿದ ಮೇಷ್ಟ್ರು ಆ ಚಿತ್ರಗಳಲ್ಲಿ ಒಂದು ಅಂಚಿನಲ್ಲಿ ನಿಂತಿರುತ್ತಾರೆ.

ಕೇಳಿ ಕಲಿಯುವುದು ನಮಗೇನೂ ಅಚ್ಚರಿಯಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಅಂಧ ಮಕ್ಕಳಿಗೆ ಹೀಗೆಯೇ ವಿದ್ಯೆ ಧಾರೆ ಎರೆದರು. ಬರೆದಿಟ್ಟ ಸ್ವರಲಿಪಿಯ ಮೇಲೆ ನಿಂತ ಪಾಶ್ಚಾತ್ಯ ಪಿಯಾನೊ ಶಿಕ್ಷಣದಲ್ಲಿ ಮಾತ್ರ, ಹಾಳೆ ಓದಲಾಗದ ಮಗುವಿಗಾಗಿ ಮೇಷ್ಟ್ರೇ ದಾರಿ ಕಡಿಯಬೇಕಾಗುತ್ತದೆ.

ಆಕಲ್‌ಫರ್ಡ್ ಆ ದಾರಿಯನ್ನು ಒಬ್ಬ ಶಿಷ್ಯನಿಗೇ ಬಿಟ್ಟುಬಿಡಲಿಲ್ಲ. 1990ರ ದಶಕದಲ್ಲಿ ಅವರು ಹುಟ್ಟುಹಾಕಿದ ಅಂಬರ್ ಟ್ರಸ್ಟ್, ಅಂಧ ಮತ್ತು ಮಂದದೃಷ್ಟಿಯ ಮಕ್ಕಳ ಸಂಗೀತ ಪಾಠಕ್ಕೆ, ವಾದ್ಯಕ್ಕೆ ನೆರವಾಗುತ್ತದೆ. 2023ರಲ್ಲಿ ಲೀಡ್ಸ್ ರೈಲು ನಿಲ್ದಾಣದ ಪಿಯಾನೊದಲ್ಲಿ ಶೋಪಾನ್‌ನ ನಾಕ್ಟರ್ನ್ ಎಂಬ ಕೃತಿ ನುಡಿಸಿ, ಬ್ರಿಟನ್ನಿನ ಟಿವಿ ವಾಹಿನಿ ಚಾನೆಲ್ 4ರ 'ದ ಪಿಯಾನೊ' ಸ್ಪರ್ಧೆಯನ್ನೇ ಗೆದ್ದ ಹದಿಮೂರರ ಲೂಸಿಗೆ ಕಲಿಸಿದ ಡೇನಿಯಲ್ ಬಾತ್ ಈ ಟ್ರಸ್ಟಿನ ಶಿಕ್ಷಕರು. ಅವಳಿಗೂ ಕಣ್ಣಿಲ್ಲ, ಮಾತು ಕಡಿಮೆ. ಗುರುವಿನ ಕೈಯ ಮೇಲೆ ತನ್ನ ಕೈಯಿಟ್ಟು ಬೆರಳಿನ ನಡೆಯನ್ನು ತಿಳಿದವಳು.

ಇಂಥ ಪಾಠಕ್ಕೆ ತರಗತಿ ಇಲ್ಲ, ಪಠ್ಯವಿಲ್ಲ. ಒಂದು ಮಗುವಿಗೆ ಒಬ್ಬರು ಮೇಷ್ಟ್ರು, ಅದೂ ವರ್ಷಗಟ್ಟಲೆ. ಲೆಕ್ಕ ಹಾಕುವ ಯಾವ ಆಡಳಿತಕ್ಕೂ ಇದು ದುಬಾರಿ ಅನ್ನಿಸೀತು. ಹಾಗಾಗಿ ಇದೆಲ್ಲ ದಾನಿಗಳ ಹಣ ಮತ್ತು ಒಬ್ಬಿಬ್ಬರ ಹಟದ ಮೇಲೆ ನಿಂತಿದೆ. ಆ ಮೊದಲ ದಿನ ಬೇರೆ ಯಾರೋ ಹುಡುಗನನ್ನು ಎಬ್ಬಿಸಿ ಹೊರಗೆ ಕಳಿಸಿದ್ದರೆ ಯಾರಿಗೂ ಅದು ತಪ್ಪೆಂದು ಕಾಣುತ್ತಿರಲಿಲ್ಲ. ಹಾಗೆ ಹೊರಗೆ ಹೋದ ಮಕ್ಕಳು ಎಷ್ಟಿದ್ದಾರೋ.