ನಿಮಗಿದು ಗೊತ್ತೆ? ಕ್ರೀಡಾಪಟುವಿಗೆ ತಿಂಗಳಿಗೆ 10 ಸಾವಿರ ಕೈಖರ್ಚು

ಕೇಂದ್ರ ಸರ್ಕಾರದ ‘ಖೇಲೋ ಇಂಡಿಯಾ’ ಯೋಜನೆಗೆ ಆಯ್ಕೆಯಾಗುವ ಕ್ರೀಡಾಪಟುವಿಗೆ ವರ್ಷಕ್ಕೆ 6.28 ಲಕ್ಷ ರೂಪಾಯಿ ನೆರವು ನಿಗದಿಯಾಗಿದೆ. ತರಬೇತಿ, ವಸತಿ, ಊಟ, ಸ್ಪರ್ಧೆಗಳ ವೆಚ್ಚವೆಲ್ಲ ಇದರಲ್ಲೇ. ಈ ಪೈಕಿ 1.20 ಲಕ್ಷ ಕೈಖರ್ಚಿಗೆ, ಅಂದರೆ ತಿಂಗಳಿಗೆ 10,000. ಬಡವರ ಮನೆಯ ಮಗುವಿಗೆ ಇದು ಸಣ್ಣ ಮೊತ್ತವಲ್ಲ. ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ 2018ರಲ್ಲಿ ದೆಹಲಿಯಲ್ಲಿ ನಡೆಯಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ನಮ್ಮ ಮಲ್ಲಕಂಬಕ್ಕೂ ಜಾಗ ಸಿಕ್ಕಿತು.

ರಾಜ್ಯದ ದಸರಾ ಕ್ರೀಡಾಕೂಟದ ದಾರಿ ಇನ್ನೂ ಹತ್ತಿರ: ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿದರೆ ಮೈಸೂರು. ಕಲಬುರಗಿ ಜಿಲ್ಲೆಯ ಕಮಲಾಪುರವೂ ಈಗ ತಾಲ್ಲೂಕು ಕೇಂದ್ರ, ಹಾಗಾಗಿ ಅಲ್ಲಿನ ಮಕ್ಕಳಿಗೂ ಈ ದಾರಿಯ ಮೊದಲ ಮೆಟ್ಟಿಲು ದೂರವಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಖರೀದಿಗೆಂದು ಬರುವ ಪಾಲಕರೇ, ಮನೆಯಲ್ಲಿ ಚೆನ್ನಾಗಿ ಓಡುವ ಮಗುವಿದ್ದರೆ ನಗರದ ಚಂದ್ರಶೇಖರ ಪಾಟೀಲ್ ಕ್ರೀಡಾಂಗಣಕ್ಕೂ ಒಮ್ಮೆ ಹೋಗಿ ವಿಚಾರಿಸಿ.