ಬಾಬಿ ಬ್ಲಾಂಡ್

ರಾಬರ್ಟ್ ಕ್ಯಾಲ್ವಿನ್ ಬ್ಲಾಂಡ್ (ಜನವರಿ 27, 1930 – ಜೂನ್ 23, 2013) ಅಮೆರಿಕ ಸಂಯುಕ್ತ ಸಂಸ್ಥಾನದ ಬ್ಲೂಸ್ ಮತ್ತು ಸೋಲ್ ಗಾಯಕರು. ಸಂಗೀತಲೋಕದಲ್ಲಿ ಇವರು ಬಾಬಿ "ಬ್ಲೂ" ಬ್ಲಾಂಡ್ ಎಂಬ ಹೆಸರಿನಿಂದ ಪ್ರಸಿದ್ಧರು. ಬ್ಲೂಸ್ ಗಾಯನಕ್ಕೆ ಚರ್ಚಿನ ಗಾಸ್ಪೆಲ್ ಹಾಡುಗಾರಿಕೆಯ ಭಾವತೀವ್ರತೆಯನ್ನೂ ದೊಡ್ಡ ವಾದ್ಯವೃಂದದ ಮೆರುಗನ್ನೂ ಬೆಸೆದು, ಮುಂದೆ "ಸೋಲ್ ಬ್ಲೂಸ್" ಎಂದು ಹೆಸರಾದ ಪ್ರಕಾರವನ್ನು ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. ಬ್ಲೂಸ್ ಕಲಾವಿದರಲ್ಲಿ ಹೆಚ್ಚಿನವರು ಗಿಟಾರ್ ಅಥವಾ ಹಾರ್ಮೋನಿಕಾ ನುಡಿಸುತ್ತ ತಾವೇ ಕಟ್ಟಿದ ಹಾಡುಗಳನ್ನು ಹಾಡುವವರು. ಬ್ಲಾಂಡ್ ಯಾವ ವಾದ್ಯವನ್ನೂ ನುಡಿಸಲಿಲ್ಲ. ಹಾಡು ಬರೆಯುವುದೂ ಅವರ ವೃತ್ತಿಯಾಗಿರಲಿಲ್ಲ. ಆರು ದಶಕಗಳ ಅವರ ಸಾಧನೆಯೆಲ್ಲ ನಿಂತದ್ದು ಕಂಠದ ಮೇಲೆ ಮಾತ್ರ.

ಹಿನ್ನೆಲೆ

ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದವರ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ಲೂಸ್ ಹುಟ್ಟಿತು. ಅದು ಬಡತನ, ವಿರಹ, ವಂಚನೆ, ಅಲೆದಾಟ ಮುಂತಾದ ಲೌಕಿಕ ಸಂಗತಿಗಳನ್ನು ಹೇಳಿಕೊಳ್ಳುವ ಸಂಗೀತ. ಇದೇ ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಸಂಗೀತವೇ ಗಾಸ್ಪೆಲ್. ಭಕ್ತರ ಪಾಲಿಗೆ ಇವೆರಡೂ ಬೇರೆ ಬೇರೆ ಲೋಕಗಳು. ದೇವರ ಹಾಡು ಹಾಡುವ ಬಾಯಿಯಲ್ಲಿ ಬ್ಲೂಸ್ ಹಾಡುವುದನ್ನು ಅನೇಕರು ಪಾಪವೆಂದೇ ಭಾವಿಸಿದ್ದರು. 1950ರ ದಶಕದಲ್ಲಿ ಗಾಸ್ಪೆಲ್ ಶೈಲಿಯ ಗಾಯನವು ಲೌಕಿಕ ಗೀತೆಗಳನ್ನು ಪ್ರವೇಶಿಸಿದಾಗ ಸೋಲ್ ಸಂಗೀತ ರೂಪುಗೊಂಡಿತು. ಬ್ಲೂಸಿನ ವಸ್ತುವನ್ನು ಉಳಿಸಿಕೊಂಡು, ಸೋಲ್ ಸಂಗೀತದ ಗಾಯನರೀತಿಯನ್ನೂ ಊದುವ ವಾದ್ಯಗಳ ಮೇಳವನ್ನೂ ಅಳವಡಿಸಿಕೊಂಡ ಪ್ರಕಾರವೇ ಸೋಲ್ ಬ್ಲೂಸ್.

ಬಾಲ್ಯ

ಬ್ಲಾಂಡ್ ಅವರು ಟೆನೆಸಿ ರಾಜ್ಯದ ಮೆಂಫಿಸ್ ನಗರಕ್ಕೆ ಸಮೀಪದ ಗ್ರಾಮೀಣ ಪ್ರದೇಶದಲ್ಲಿ ಜನಿಸಿದರು. ಆಗ ಇವರ ಹೆಸರು ರಾಬರ್ಟ್ ಕ್ಯಾಲ್ವಿನ್ ಬ್ರೂಕ್ಸ್. ಮಗು ಚಿಕ್ಕದಿರುವಾಗಲೇ ತಂದೆ ಕುಟುಂಬವನ್ನು ತೊರೆದುಹೋದರು. ಮುಂದೆ ಮಲತಂದೆ ಲೀರಾಯ್ ಬ್ಲಾಂಡ್ ಅವರ ಕುಲನಾಮವೇ ಇವರದೂ ಆಯಿತು. ಮೂರನೆಯ ತರಗತಿಯಲ್ಲೇ ಶಾಲೆ ಬಿಟ್ಟು ಹತ್ತಿಯ ಹೊಲದ ಕೆಲಸಕ್ಕೆ ಸೇರಿದ ಇವರಿಗೆ ಓದುಬರಹ ಕೈಗೂಡಲಿಲ್ಲ. ಈ ಕೊರತೆ ಅವರ ವೃತ್ತಿಜೀವನದ ಮೇಲೆ ದೀರ್ಘಕಾಲದ ಪರಿಣಾಮವನ್ನು ಉಂಟುಮಾಡಿತು.

1940ರ ದಶಕದ ಉತ್ತರಾರ್ಧದಲ್ಲಿ ತಾಯಿಯೊಂದಿಗೆ ಮೆಂಫಿಸ್‌ಗೆ ಬಂದ ಬ್ಲಾಂಡ್, "ದಿ ಮಿನಿಯೇಚರ್ಸ್" ಎಂಬ ಗಾಸ್ಪೆಲ್ ತಂಡದಲ್ಲಿ ಹಾಡತೊಡಗಿದರು. ಬ್ಲೂಸ್ ಸಂಗೀತಕ್ಕೆ ಹೆಸರಾಗಿದ್ದ ಆ ನಗರದ ಬೀಲ್ ಸ್ಟ್ರೀಟ್ ಅವರನ್ನು ಬೇಗನೆ ಸೆಳೆಯಿತು. ಅಲ್ಲಿನ ಯುವ ಕಲಾವಿದರಾದ ಬಿ. ಬಿ. ಕಿಂಗ್, ಜಾನಿ ಏಸ್, ರಾಸ್ಕೋ ಗಾರ್ಡನ್, ಅರ್ಲ್ ಫಾರೆಸ್ಟ್ ಮುಂತಾದವರ ಸಡಿಲವಾದ ಗುಂಪೊಂದು "ಬೀಲ್ ಸ್ಟ್ರೀಟರ್ಸ್" ಎಂಬ ಹೆಸರು ಪಡೆದಿತ್ತು. ಬ್ಲಾಂಡ್ ಈ ಗುಂಪಿನೊಂದಿಗೆ ಬೆರೆತರು, ಕೆಲಕಾಲ ಬಿ. ಬಿ. ಕಿಂಗ್ ಅವರ ಕಾರು ಚಾಲಕರಾಗಿಯೂ ಸಹಾಯಕರಾಗಿಯೂ ದುಡಿದರು. 1951–52ರಲ್ಲಿ ಚೆಸ್ ಮತ್ತು ಮಾಡರ್ನ್ ಸಂಸ್ಥೆಗಳಿಗಾಗಿ ಹಾಡಿದ ಮೊದಲ ಗೀತೆಗಳು ಹೆಚ್ಚು ಗಮನ ಸೆಳೆಯಲಿಲ್ಲ.

ಡ್ಯೂಕ್ ರೆಕಾರ್ಡ್ಸ್ ಮತ್ತು ಒಪ್ಪಂದ

1952ರಲ್ಲಿ ಬ್ಲಾಂಡ್ ಮೆಂಫಿಸ್‌ನಲ್ಲಿ ಆಗಷ್ಟೇ ಆರಂಭವಾಗಿದ್ದ ಡ್ಯೂಕ್ ರೆಕಾರ್ಡ್ಸ್ ಸಂಸ್ಥೆಯನ್ನು ಸೇರಿದರು. ಸ್ವಲ್ಪ ಕಾಲದಲ್ಲೇ ಸೈನ್ಯದ ಕಡ್ಡಾಯ ಸೇವೆಗೆ ಕರೆಬಂದದ್ದರಿಂದ ಹೊರಡಬೇಕಾಯಿತು. 1950ರ ದಶಕದ ಮಧ್ಯಭಾಗದಲ್ಲಿ ಅವರು ಮರಳುವಷ್ಟರಲ್ಲಿ ಡ್ಯೂಕ್ ಸಂಸ್ಥೆಯು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಡಾನ್ ರೋಬಿ ಅವರ ಕೈಸೇರಿತ್ತು. ಪೀಕಾಕ್ ರೆಕಾರ್ಡ್ಸ್ ಸ್ಥಾಪಿಸಿದ್ದ ರೋಬಿ, ಧ್ವನಿಮುದ್ರಣ ಉದ್ಯಮದಲ್ಲಿ ಯಶಸ್ಸು ಕಂಡ ಮೊದಲ ಕಪ್ಪು ಉದ್ಯಮಿಗಳಲ್ಲಿ ಒಬ್ಬರು; ವ್ಯವಹಾರದಲ್ಲಿ ಕಠಿಣರೆಂದೂ ಹೆಸರಾದವರು. ಸಂಸ್ಥೆಯ ಪ್ರಮುಖ ತಾರೆಯಾಗಿದ್ದ ಜಾನಿ ಏಸ್ 1954ರ ಕ್ರಿಸ್‌ಮಸ್ ದಿನ ರಂಗಮಂದಿರವೊಂದರ ಒಳಕೋಣೆಯಲ್ಲಿ ತಮ್ಮದೇ ಪಿಸ್ತೂಲಿನ ಗುಂಡು ತಗುಲಿ ಮೃತಪಟ್ಟಿದ್ದರು.

ಹಿಂದಿರುಗಿದ ಬ್ಲಾಂಡ್ ಅವರ ಮುಂದೆ ರೋಬಿ ಹೊಸ ಒಪ್ಪಂದಪತ್ರವನ್ನಿರಿಸಿದರು. ಅದನ್ನು ಓದಲು ಬಾರದ ಬ್ಲಾಂಡ್ ಸಹಿ ಮಾಡಿದರು. ಮಾರಾಟವಾದ ಪ್ರತಿ ಧ್ವನಿಮುದ್ರಿಕೆಗೆ ಎರಡು ಸೆಂಟ್ ರಾಯಧನ ಕೊಡುವುದು ಅಂದಿನ ವಾಡಿಕೆಯಾಗಿದ್ದರೆ, ಈ ಒಪ್ಪಂದದ ಪ್ರಕಾರ ಅವರಿಗೆ ಸಲ್ಲುತ್ತಿದ್ದದ್ದು ಅರ್ಧ ಸೆಂಟ್ ಮಾತ್ರ.

1957ರಲ್ಲಿ ಬಿಡುಗಡೆಯಾದ "ಫಾರ್ದರ್ ಅಪ್ ದ ರೋಡ್" ಬಿಲ್‌ಬೋರ್ಡ್ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ 1960ರ ದಶಕದ ನಡುವಿನವರೆಗೆ ಯಶಸ್ಸು ಸತತವಾಗಿತ್ತು. "ಐ ಪಿಟಿ ದ ಫೂಲ್" (1961) ಮತ್ತು "ದಟ್ಸ್ ದ ವೇ ಲವ್ ಈಸ್" (1963) ಅದೇ ಪಟ್ಟಿಯ ಮೊದಲ ಸ್ಥಾನವನ್ನೂ, "ಟರ್ನ್ ಆನ್ ಯುವರ್ ಲವ್ ಲೈಟ್" (1961) ಎರಡನೆಯ ಸ್ಥಾನವನ್ನೂ ತಲುಪಿದವು. 1961ರಲ್ಲಿ ಹೊರಬಂದ "ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್" ಆಲ್ಬಮ್ ಬ್ಲೂಸ್ ಮತ್ತು ಸೋಲ್ ಸಂಗೀತಗಳ ಸಂಧಿಕಾಲದ ಮುಖ್ಯ ಕೃತಿಯೆಂದು ಇಂದಿಗೂ ಪರಿಗಣಿತವಾಗಿದೆ.

ಆದರೆ ಈ ಜನಪ್ರಿಯತೆ ಬಹುಪಾಲು ಕಪ್ಪು ಶ್ರೋತೃಗಳ ವಲಯಕ್ಕೆ ಸೀಮಿತವಾಗಿತ್ತು. ಎಲ್ಲ ಶ್ರೋತೃಗಳನ್ನೂ ಒಳಗೊಂಡ ಸಾಮಾನ್ಯ ಪಟ್ಟಿಯಲ್ಲಿ ಅವರು ಮುಟ್ಟಿದ ಅತ್ಯುನ್ನತ ಸ್ಥಾನ ಇಪ್ಪತ್ತನೆಯದು. 1964ರ "ಏನ್ಟ್ ನಥಿಂಗ್ ಯೂ ಕ್ಯಾನ್ ಡೂ" ಗೀತೆಗೆ ಅದು ದೊರೆಯಿತು. ಅವರ ಜೀವನೋಪಾಯದ ನೆಲೆ ಕಛೇರಿಗಳು. ವರ್ಣಭೇದದ ಕಾಲದಲ್ಲಿ ಕಪ್ಪು ಕಲಾವಿದರು ಕಪ್ಪು ಪ್ರೇಕ್ಷಕರಿಗಾಗಿ ಹಾಡುತ್ತಿದ್ದ ರಂಗಮಂದಿರ ಮತ್ತು ಕ್ಲಬ್ಬುಗಳ ಸಾಲಿಗೆ "ಚಿಟ್ಲಿನ್ ಸರ್ಕ್ಯೂಟ್" ಎಂಬ ಹೆಸರಿತ್ತು. ಬ್ಲಾಂಡ್ ಮೊದಲು ಜೂನಿಯರ್ ಪಾರ್ಕರ್ ಅವರ ಜೊತೆಗೂಡಿ, ಬಳಿಕ ಸ್ವಂತ ತಂಡದೊಂದಿಗೆ, ವರ್ಷದ ಬಹುಭಾಗವನ್ನು ಈ ಊರೂರು ಸುತ್ತಾಟದಲ್ಲೇ ಕಳೆಯುತ್ತಿದ್ದರು.

ಗಾಯನ ಶೈಲಿ

ಬ್ಲಾಂಡ್ ಅವರ ಗಾಯನದಲ್ಲಿ ಎರಡು ವಿರುದ್ಧ ಗುಣಗಳು ಒಟ್ಟಿಗೆ ನೆಲೆಸಿವೆ. ಮೊದಲನೆಯದು ಮೃದುತ್ವ. ನ್ಯಾಟ್ ಕಿಂಗ್ ಕೋಲ್, ಪೆರಿ ಕೋಮೋ, ಟೋನಿ ಬೆನೆಟ್ ಮೊದಲಾದ ಭಾವಗೀತಗಾಯಕರನ್ನು ಮೆಚ್ಚಿ ಆಲಿಸುತ್ತಿದ್ದ ಅವರು ಪದಗಳನ್ನು ಸ್ಪಷ್ಟವಾಗಿ, ಅವಸರವಿಲ್ಲದೆ, ಎದುರಿಗೆ ಕುಳಿತವರೊಡನೆ ಮಾತನಾಡುವಂತೆ ನುಡಿಯುತ್ತಿದ್ದರು. ಎರಡನೆಯದು ಗಂಟಲಿನ ಆಳದಿಂದ ಒಮ್ಮೆಲೇ ಸಿಡಿದು ಬರುವ ಕರಕರ ದನಿಯ ಕೂಗು. ಪ್ರಸಿದ್ಧ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ತಂದೆ, ಪಾದ್ರಿ ಸಿ. ಎಲ್. ಫ್ರಾಂಕ್ಲಿನ್ ಅವರ ಧರ್ಮೋಪದೇಶಗಳು ಧ್ವನಿಮುದ್ರಿಕೆಗಳಾಗಿ ಮಾರಾಟವಾಗುತ್ತಿದ್ದವು. ಉಪದೇಶ ಪರಾಕಾಷ್ಠೆಗೆ ಏರಿದಾಗ ಫ್ರಾಂಕ್ಲಿನ್ ಹೊರಡಿಸುತ್ತಿದ್ದ ಉದ್ಗಾರವನ್ನು ಬ್ಲಾಂಡ್ ಆ ಮುದ್ರಿಕೆಗಳಿಂದ ಕಲಿತು, ಪ್ರೇಮಗೀತೆಯ ಸಾಲುಗಳ ನಡುವೆ ಇರಿಸಿದರು. ಪ್ರಾರ್ಥನಾಮಂದಿರದ ದನಿ ಹೀಗೆ ನೃತ್ಯಶಾಲೆಗೆ ಬಂದಿತು. ಆ ಕೂಗು ಮಿತವಾಗಿಯೇ ಬಳಕೆಯಾಗುತ್ತದೆ. ಮೃದುವಾಗಿ ಸಾಗಿಬಂದ ಸಾಲುಗಳ ಬಳಿಕ ಬರುವುದರಿಂದಲೇ ಅದಕ್ಕೆ ಶಕ್ತಿ.

ಈ ಕಂಠಕ್ಕೆ ತಕ್ಕ ಚೌಕಟ್ಟನ್ನು ನಿರ್ಮಿಸಿದವರು ಟ್ರಂಪೆಟ್ ವಾದಕರೂ ವಾದ್ಯಸಂಯೋಜಕರೂ ಆದ ಜೋ ಸ್ಕಾಟ್. ಡ್ಯೂಕ್ ಸಂಸ್ಥೆಯ ಧ್ವನಿಮುದ್ರಣಗಳನ್ನು ನಿರ್ದೇಶಿಸುತ್ತಿದ್ದ ಅವರು, ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್‌ಗಳು ಗಾಯಕನ ಪ್ರತಿ ಸಾಲಿಗೂ ಉತ್ತರ ಕೊಡುವಂತೆ ಸಂಯೋಜಿಸಿದರು. ಚರ್ಚಿನಲ್ಲಿ ಪಾದ್ರಿಯ ಮಾತಿಗೆ ಸಭೆಯು ಓಗೊಡುವ ರೀತಿಯನ್ನೇ ಇದು ಹೋಲುತ್ತದೆ. ಅಕ್ಷರ ಬಾರದ ಬ್ಲಾಂಡ್ ಹಾಡುಗಳನ್ನು ಕಿವಿಯಿಂದ ಕೇಳಿಯೇ ಕಲಿಯಬೇಕಿತ್ತು; ಸಾಲನ್ನು ಎಲ್ಲಿ ಒಡೆಯಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು ಎಂಬುದರಲ್ಲಿ ಸ್ಕಾಟ್ ಅವರಿಗೆ ಗುರುವಿನಂತಿದ್ದರು. ಗಿಟಾರ್ ವಾದಕ ವೇಯ್ನ್ ಬೆನೆಟ್ ಮತ್ತು ಮುಂದೆ ಜೇಮ್ಸ್ ಬ್ರೌನ್ ಅವರ ತಂಡದಲ್ಲಿ ಹೆಸರು ಗಳಿಸಿದ ಡ್ರಮ್ ವಾದಕ ಜಾನ್ "ಜಾಬೋ" ಸ್ಟಾರ್ಕ್ಸ್ ಈ ತಂಡದ ಇತರ ಪ್ರಮುಖರು. ಟಿ-ಬೋನ್ ವಾಕರ್ ಅವರ "ಸ್ಟಾರ್ಮಿ ಮಂಡೇ" ಹಾಡನ್ನು 1962ರಲ್ಲಿ ಬ್ಲಾಂಡ್ ಅವರ ಕಂಠದಲ್ಲಿ ಕೇಳುವಾಗ, ಬೆನೆಟ್ ಅವರ ಗಿಟಾರ್ ಎರಡನೆಯ ಗಾಯಕನಂತೆ ಜೊತೆಗೂಡುವುದನ್ನು ಗಮನಿಸಬಹುದು.

ಹಾಡುಗಳ ಕರ್ತೃತ್ವ

ಡ್ಯೂಕ್ ಅವಧಿಯ ಅನೇಕ ಧ್ವನಿಮುದ್ರಿಕೆಗಳ ಮೇಲೆ "ಡೆಡ್ರಿಕ್ ಮಲೋನ್" ಎಂಬ ಗೀತರಚನಕಾರನ ಹೆಸರಿದೆ. ಇದು ರೋಬಿ ಬಳಸುತ್ತಿದ್ದ ಗುಪ್ತನಾಮ. ಹಣದ ಅಗತ್ಯವಿದ್ದ ಕವಿಗಳಿಂದ ಅಲ್ಪ ಮೊತ್ತಕ್ಕೆ ಹಾಡುಗಳನ್ನು ಖರೀದಿಸಿ, ಕರ್ತೃತ್ವವನ್ನು ತಮ್ಮ ಹೆಸರಿಗೋ ಗುಪ್ತನಾಮಕ್ಕೋ ಬರೆಸಿಕೊಳ್ಳುವುದು ಅವರ ಪದ್ಧತಿಯಾಗಿತ್ತು. ಹೀಗೆ ಹಾಡು ಮಾರಿದವರಲ್ಲಿ ಹ್ಯೂಸ್ಟನ್‌ನ ಜೋ ಮೆಡ್ವಿಕ್ ಮುಖ್ಯರು. ಹಾಡೊಂದು ಪ್ರತಿ ಬಾರಿ ಮರುಮುದ್ರಣಗೊಂಡಾಗಲೂ ಪ್ರಸಾರವಾದಾಗಲೂ ಬರುವ ಆದಾಯ ದಾಖಲೆಯಲ್ಲಿ ಕರ್ತೃವೆಂದು ಇರುವವರಿಗೇ ಸೇರುತ್ತದೆ. ಹೀಗಾಗಿ ದಶಕಗಳ ಕಾಲ ಬಾಳಿದ ಗೀತೆಗಳಿಂದ ಅವನ್ನು ಬರೆದವರಿಗೆ ದೊರೆತದ್ದು ಮಾರಾಟದ ದಿನದ ಹಣವಷ್ಟೇ. ಹಾಡಿದ ಬ್ಲಾಂಡ್ ಅವರಿಗೂ ಕರ್ತೃತ್ವದ ಆದಾಯದಲ್ಲಿ ಪಾಲಿರಲಿಲ್ಲ. ಅವರು ವರ್ಷವಿಡೀ ಊರೂರು ಸುತ್ತಿ ಹಾಡಬೇಕಾಗಿ ಬಂದುದರ ಹಿಂದೆ ಈ ವ್ಯವಸ್ಥೆಯೂ ಇದೆ.

1970ರ ದಶಕ

1968ರಲ್ಲಿ ಹಣಕಾಸಿನ ಮುಗ್ಗಟ್ಟಿನಿಂದ ತಂಡ ಚದುರಿತು; ಸ್ಕಾಟ್ ಅವರೊಂದಿಗಿನ ಸಹಯೋಗವೂ ಕೊನೆಗೊಂಡಿತು. ಖಿನ್ನತೆ ಮತ್ತು ಕುಡಿತಕ್ಕೆ ಒಳಗಾದ ಬ್ಲಾಂಡ್ 1971ರಲ್ಲಿ ಮದ್ಯಪಾನವನ್ನು ತ್ಯಜಿಸಿದರು. ರೋಬಿ ಡ್ಯೂಕ್ ಸಂಸ್ಥೆಯನ್ನು ಎಬಿಸಿ ರೆಕಾರ್ಡ್ಸ್‌ಗೆ ಮಾರಿದಾಗ ಬ್ಲಾಂಡ್ ಅವರ ಒಪ್ಪಂದವೂ ಅದರೊಡನೆ ಹಸ್ತಾಂತರವಾಯಿತು. ಹೊಸ ಸಂಸ್ಥೆಯಲ್ಲಿ ಸ್ಟೀವ್ ಬ್ಯಾರಿ ನಿರ್ಮಿಸಿದ "ಹಿಸ್ ಕ್ಯಾಲಿಫೋರ್ನಿಯಾ ಆಲ್ಬಮ್" (1973) ಮತ್ತು "ಡ್ರೀಮರ್" (1974) ಅವರನ್ನು ಮತ್ತೆ ಮುನ್ನೆಲೆಗೆ ತಂದವು. "ಡ್ರೀಮರ್" ಆಲ್ಬಮ್‌ನ "ಏನ್ಟ್ ನೋ ಲವ್ ಇನ್ ದ ಹಾರ್ಟ್ ಆಫ್ ದ ಸಿಟಿ" ಮುಂದಿನ ತಲೆಮಾರುಗಳು ಅವರನ್ನು ಗುರುತಿಸುವ ಗೀತೆಯಾಯಿತು. ಪ್ರೇಯಸಿ ತೊರೆದುಹೋದ ಬಳಿಕ ಇಡೀ ನಗರವೇ ಬರಿದಾಗಿ ತೋರುವುದು ಅದರ ವಸ್ತು. ತಾವು ಒಮ್ಮೆ ಕಾರು ಓಡಿಸುತ್ತಿದ್ದ ಬಿ. ಬಿ. ಕಿಂಗ್ ಅವರೊಂದಿಗೆ ಸಮಾನರಾಗಿ ವೇದಿಕೆ ಹಂಚಿಕೊಂಡ ಎರಡು ಆಲ್ಬಮ್‌ಗಳು 1974 ಮತ್ತು 1976ರಲ್ಲಿ ಬಿಡುಗಡೆಯಾದವು. ದಶಕದ ಕೊನೆಯಲ್ಲಿ ಡಿಸ್ಕೋ ಅಲೆ ಹಬ್ಬಿದಾಗ ಅದಕ್ಕೆ ಹೊಂದಿಕೊಳ್ಳಲು ನಡೆದ ಪ್ರಯತ್ನಗಳು ಅಷ್ಟಾಗಿ ಫಲಿಸಲಿಲ್ಲ.

ಮಲಾಕೊ ಅವಧಿ

1980ರ ದಶಕದಲ್ಲಿ ದೊಡ್ಡ ಸಂಸ್ಥೆಗಳು ಬ್ಲೂಸಿನತ್ತ ಬೆನ್ನು ತಿರುಗಿಸಿದಾಗ ಮಿಸಿಸಿಪಿ ರಾಜ್ಯದ ಜ್ಯಾಕ್ಸನ್ ನಗರದ ಮಲಾಕೊ ರೆಕಾರ್ಡ್ಸ್ ಹಿರಿಯ ಗಾಯಕರಿಗೆ ಆಶ್ರಯ ನೀಡಿತು. ಜೀ. ಜೀ. ಹಿಲ್ ಅವರ "ಡೌನ್ ಹೋಮ್" ಆಲ್ಬಮ್‌ನ ಅಸಾಧಾರಣ ಯಶಸ್ಸು, ದಕ್ಷಿಣದ ನಡುವಯಸ್ಸಿನ ಕಪ್ಪು ಶ್ರೋತೃಗಳು ಈ ಸಂಗೀತವನ್ನು ಕೈಬಿಟ್ಟಿಲ್ಲವೆಂಬುದನ್ನು ತೋರಿಸಿಕೊಟ್ಟಿತ್ತು. ಜಾನಿ ಟೇಲರ್, ಲಿಟ್ಲ್ ಮಿಲ್ಟನ್, ಡೆನೀಸ್ ಲಸಾಲ್ ಮುಂತಾದವರೂ ಇಲ್ಲಿ ಹಾಡಿದರು. 1985ರಲ್ಲಿ ಸೇರಿದ ಬ್ಲಾಂಡ್ ಅದೇ ವರ್ಷ "ಮೆಂಬರ್ಸ್ ಓನ್ಲಿ" ಆಲ್ಬಮ್ ನೀಡಿದರು. ವಯಸ್ಸಿನಿಂದ ಕಂಠದ ವ್ಯಾಪ್ತಿ ಕುಗ್ಗಿದ್ದರೂ, ಪದವನ್ನು ತೂಗಿ ನುಡಿಯುವ ಕಲೆ ಕುಂದಿರಲಿಲ್ಲ. 2003ರ "ಬ್ಲೂಸ್ ಅಟ್ ಮಿಡ್‌ನೈಟ್" ಅವರ ಕೊನೆಯ ಸ್ಟುಡಿಯೋ ಆಲ್ಬಮ್. ಆ ಬಳಿಕವೂ ಅವರು ಕಛೇರಿಗಳನ್ನು ಮುಂದುವರಿಸಿದರು. 2013ರ ಜೂನ್ 23ರಂದು, ತಮ್ಮ 83ನೆಯ ವಯಸ್ಸಿನಲ್ಲಿ, ಮೆಂಫಿಸ್ ಸಮೀಪದ ಜರ್ಮನ್‌ಟೌನ್‌ನಲ್ಲಿ ನಿಧನರಾದರು.

ಪ್ರಭಾವ ಮತ್ತು ಗೌರವಗಳು

ಬ್ಲಾಂಡ್ ಹಾಡಿದ ಗೀತೆಗಳು ಅವರಿಗಿಂತ ವಿಶಾಲವಾದ ಶ್ರೋತೃವರ್ಗವನ್ನು ಇತರರ ಮೂಲಕ ತಲುಪಿದವು. "ಟರ್ನ್ ಆನ್ ಯುವರ್ ಲವ್ ಲೈಟ್" ಗ್ರೇಟ್‌ಫುಲ್ ಡೆಡ್ ತಂಡದ ಕಛೇರಿಗಳಲ್ಲಿ ದೀರ್ಘ ವಿಸ್ತಾರ ಪಡೆಯಿತು. "ಫಾರ್ದರ್ ಅಪ್ ದ ರೋಡ್" ಎರಿಕ್ ಕ್ಲ್ಯಾಪ್ಟನ್ ಅವರ ಪ್ರಿಯ ಹಾಡಾಯಿತು. ಆಲ್‌ಮನ್ ಬ್ರದರ್ಸ್ ತಂಡದ "ಸ್ಟಾರ್ಮಿ ಮಂಡೇ" ಬ್ಲಾಂಡ್ ಅವರ ನಿರೂಪಣೆಯನ್ನೇ ಅನುಸರಿಸಿದೆ. "ಏನ್ಟ್ ನೋ ಲವ್ ಇನ್ ದ ಹಾರ್ಟ್ ಆಫ್ ದ ಸಿಟಿ" ಗೀತೆಯನ್ನು 1978ರಲ್ಲಿ ವೈಟ್‌ಸ್ನೇಕ್ ತಂಡ ಹಾಡಿತು. 2001ರಲ್ಲಿ ರ್‍ಯಾಪ್ ಕಲಾವಿದ ಜೇ-ಜೀ ತಮ್ಮ "ದ ಬ್ಲೂಪ್ರಿಂಟ್" ಆಲ್ಬಮ್‌ನಲ್ಲಿ ಬ್ಲಾಂಡ್ ಅವರ ಮೂಲ ಧ್ವನಿಮುದ್ರಣದ ತುಣುಕನ್ನೇ ಬಳಸಿಕೊಂಡರು. ಬ್ಲಾಂಡ್ ಹೆಸರನ್ನು ಕೇಳಿರದ ಅಸಂಖ್ಯ ಯುವಜನರು ಅವರ ಕಂಠವನ್ನು ಮೊದಲು ಆಲಿಸಿದ್ದು ಹೀಗೆ.

1981ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್, 1992ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಾಗೂ 2012ರಲ್ಲಿ ಮೆಂಫಿಸ್ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರ್ಪಡೆಯಾಯಿತು. 1997ರಲ್ಲಿ ಗ್ರ್ಯಾಮಿ ಜೀವಮಾನ ಸಾಧನೆಯ ಪ್ರಶಸ್ತಿ ಸಂದಿತು.

ಆಯ್ದ ಆಲ್ಬಮ್‌ಗಳು

- ಟೂ ಸ್ಟೆಪ್ಸ್ ಫ್ರಮ್ ದ ಬ್ಲೂಸ್ (1961, ಡ್ಯೂಕ್)
- ಹಿಯರ್ಸ್ ದ ಮ್ಯಾನ್! (1962, ಡ್ಯೂಕ್)
- ಹಿಸ್ ಕ್ಯಾಲಿಫೋರ್ನಿಯಾ ಆಲ್ಬಮ್ (1973, ಡನ್‌ಹಿಲ್)
- ಡ್ರೀಮರ್ (1974, ಡನ್‌ಹಿಲ್)
- ಟುಗೆದರ್ ಫಾರ್ ದ ಫಸ್ಟ್ ಟೈಮ್... ಲೈವ್ (1974, ಬಿ. ಬಿ. ಕಿಂಗ್ ಅವರೊಂದಿಗೆ)
- ಟುಗೆದರ್ ಅಗೇನ್... ಲೈವ್ (1976, ಬಿ. ಬಿ. ಕಿಂಗ್ ಅವರೊಂದಿಗೆ)
- ಮೆಂಬರ್ಸ್ ಓನ್ಲಿ (1985, ಮಲಾಕೊ)
- ಮಿಡ್‌ನೈಟ್ ರನ್ (1989, ಮಲಾಕೊ)
- ಸ್ಯಾಡ್ ಸ್ಟ್ರೀಟ್ (1995, ಮಲಾಕೊ)
- ಬ್ಲೂಸ್ ಅಟ್ ಮಿಡ್‌ನೈಟ್ (2003, ಮಲಾಕೊ)