ದೇವರ ಕೋಣೆಯಿಲ್ಲದ ಮನೆಯ ಮಕ್ಕಳು

ದೇವರ ಕೋಣೆಯಿಲ್ಲದ ಮನೆಗಳು ಕನ್ನಡನಾಡಿಗೆ ಹೊಸತಲ್ಲ. ಎಚ್. ನರಸಿಂಹಯ್ಯನವರ ವೈಚಾರಿಕತೆಗೆ ಮನಸೋತವರು, ಎ.ಎನ್. ಮೂರ್ತಿರಾಯರ ‘ದೇವರು’ ಓದಿ ತಲೆದೂಗಿದವರು, ಕುವೆಂಪು ತೋರಿದ ಮಂತ್ರ ಮಾಂಗಲ್ಯದ ದಾರಿಯಲ್ಲಿ ಪುರೋಹಿತರಿಲ್ಲದೆ ಮದುವೆಯಾದವರು ನಮ್ಮ ನಡುವೆ ಇದ್ದಾರೆ. ಅವರ ಮಕ್ಕಳು ಹರಕೆ, ಮಡಿ, ಮುಹೂರ್ತಗಳ ಹಂಗಿಲ್ಲದೆ ಬೆಳೆದವರು. ಅಂಥವರಲ್ಲಿ ಕೆಲವರಿಗೆ ದೊಡ್ಡವರಾದ ಮೇಲೆ, ಹತ್ತಿರದವರ ಸಾವಿನ ಮುಂದೆಯೋ ತಮ್ಮ ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೋ, ಕೈಮುಗಿಯಬೇಕೆನಿಸುತ್ತದೆ. ಯಾರಿಗೆ ಎಂದು ತಿಳಿಯದು. ಅಪ್ಪ–ಅಮ್ಮನಿಗೆ ಹೇಳಿದರೆ ನೊಂದುಕೊಂಡಾರು. ನೆಂಟರ ಕಿವಿಗೆ ಬಿದ್ದರೆ ‘ಕೊನೆಗೂ ದಾರಿಗೆ ಬಂದರು’ ಎಂದಾರು. ಹೀಗಾಗಿ ಆ ಮಾತು ಒಳಗೇ ಉಳಿದುಬಿಡುತ್ತದೆ.

ಈ ಹಾದಿಯಲ್ಲಿ ನಡೆದು, ನಡೆದದ್ದನ್ನು ಪ್ರಾಮಾಣಿಕವಾಗಿ ಬರೆದಿಟ್ಟವರಲ್ಲಿ ಫ್ರಾನ್ಸಿನ ಚಿಂತಕಿ ಸಿಮೋನ್ ವೆಯ್ ಮುಖ್ಯರು.

ಡಾಕ್ಟರ ಮಗಳು

ಸಿಮೋನ್ ಹುಟ್ಟಿದ್ದು 1909ರಲ್ಲಿ, ಪ್ಯಾರಿಸ್ಸಿನ ಯಹೂದಿ ಮನೆತನದಲ್ಲಿ. ತಂದೆ ಡಾಕ್ಟರು. ತಂದೆ–ತಾಯಿ ಇಬ್ಬರೂ ಮಕ್ಕಳನ್ನು ಧರ್ಮದ ಗೊಡವೆಯಿಲ್ಲದೆ ಬೆಳೆಸಿದರು. ಅಣ್ಣ ಆಂದ್ರೆ ವೆಯ್ 20ನೇ ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರು. 1930ರಿಂದ 1932ರವರೆಗೆ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ಸಂಸ್ಕೃತ ಕಲಿತವರು. ತತ್ವಶಾಸ್ತ್ರದ ಮೇಷ್ಟರಾದ ತಂಗಿ ಕಾರ್ಮಿಕ ಸಂಘಗಳ ಜೊತೆ ನಿಂತರು. ಕೂಲಿಯವರ ಬದುಕು ತಿಳಿಯಲೆಂದು 1934–35ರಲ್ಲಿ ಕಾರ್ಖಾನೆ ಸೇರಿ ಯಂತ್ರದ ಮುಂದೆ ದುಡಿದರು.

ದೇವರ ಬಗ್ಗೆ ಆಗ ಅವರ ನಿಲುವು ಸರಳವಾಗಿತ್ತು. ಈ ಲೋಕದಲ್ಲಿ ಕುಳಿತು ಬಗೆಹರಿಸಲಾಗದ ಪ್ರಶ್ನೆ ಅದು. ತಪ್ಪು ಉತ್ತರ ಕೊಡುವುದಕ್ಕಿಂತ ಸುಮ್ಮನಿರುವುದೇ ಸರಿ. ದೇವರನ್ನು ತಾನೆಂದೂ ಹುಡುಕಿಕೊಂಡು ಹೋದವಳಲ್ಲ ಎಂದು ಅವರು ಆಮೇಲೆ ಬರೆದರು.

ಕಾರ್ಖಾನೆ ಬಿಟ್ಟಾಗ ದೇಹ ಹಣ್ಣಾಗಿತ್ತು. ಅದೇ ವರ್ಷ ಪೋರ್ಚುಗಲ್ಲಿನ ಬಡ ಮೀನುಗಾರರ ಹಳ್ಳಿಯೊಂದರಲ್ಲಿ, ಹೆಂಗಸರು ಮೇಣದ ಬತ್ತಿ ಹಿಡಿದು ದೋಣಿಗಳ ಸುತ್ತ ಹಳೆಯ ಶೋಕಗೀತೆ ಹಾಡುತ್ತ ಬರುವುದನ್ನು ಕಂಡರು. ದುಡಿದು ನೊಂದವರ ಧರ್ಮ ಇದು, ಆ ನೊಂದವರಲ್ಲಿ ತಾನೂ ಒಬ್ಬಳು ಎನಿಸಿತು. 1937ರಲ್ಲಿ ಇಟಲಿಯ ಅಸ್ಸೀಸಿಯಲ್ಲಿ, ಸಂತ ಫ್ರಾನ್ಸಿಸ್ ಪ್ರಾರ್ಥಿಸುತ್ತಿದ್ದ ಪುಟ್ಟ ಚರ್ಚಿನೊಳಗೆ, ಬದುಕಿನಲ್ಲಿ ಮೊದಲ ಬಾರಿ ಮಂಡಿಯೂರಿದರು. ಮರುವರ್ಷ ಈಸ್ಟರ್ ಹೊತ್ತಿಗೆ ತಲೆ ಸಿಡಿಯುವ ನೋವಿನಲ್ಲೇ ಸೊಲೆಮ್ ಮಠದ ಪ್ರಾರ್ಥನಾ ಗಾಯನ ಕೇಳಿದರು. ಅಲ್ಲಿ ಸಿಕ್ಕ ಇಂಗ್ಲಿಷ್ ತರುಣನೊಬ್ಬನಿಂದ 17ನೇ ಶತಮಾನದ ಕವಿ ಜಾರ್ಜ್ ಹರ್ಬರ್ಟ್‌ನ ಪರಿಚಯವಾಯಿತು. ಹರ್ಬರ್ಟ್‌ನ ಒಂದು ಕವಿತೆ ಬಾಯಿಪಾಠವಾಗಿ, ನೋವು ಹೆಚ್ಚಾದಾಗಲೆಲ್ಲ ಅದನ್ನೇ ಹೇಳಿಕೊಳ್ಳುತ್ತಿದ್ದರು. ಹಾಗೆ ಹೇಳಿಕೊಳ್ಳುತ್ತಿದ್ದಾಗಲೇ ಒಮ್ಮೆ ಕ್ರಿಸ್ತನ ಸಾನ್ನಿಧ್ಯ ಅನುಭವಕ್ಕೆ ಬಂತು.

ಹೊಸ್ತಿಲಲ್ಲೇ ನಿಂತದ್ದು

ಅನುಭವ ಒಲಿಯಿತೆಂದು ಅವರು ವಿಚಾರವನ್ನು ಬಿಡಲಿಲ್ಲ. 1940ರಲ್ಲಿ, ಯುದ್ಧದ ನಡುವೆ, ಭಗವದ್ಗೀತೆ ಓದಿದರು. ಶಾಂತಿವಾದಿಯಾಗಿದ್ದು ಹಿಟ್ಲರನ ಮುಂದೆ ಆ ನಿಲುವನ್ನು ಕೈಬಿಟ್ಟ ಅವರಿಗೆ ಅರ್ಜುನನ ಸಂಕಟ ತಮ್ಮದೇ ಆಗಿ ಕಂಡಿತು. ಮಾರ್ಸೆ ನಗರದಲ್ಲಿದ್ದಾಗ ಕವಿ ರೆನೆ ದೊಮಾಲ್ ಅವರಿಂದ ಸಂಸ್ಕೃತ ಪಾಠ ಹೇಳಿಸಿಕೊಂಡರು. 1941ರಲ್ಲಿ ದ್ರಾಕ್ಷಿ ಕೊಯ್ಲಿನ ಕೂಲಿಗೆ ಹೋದಾಗ, ಕ್ರಿಸ್ತ ಕಲಿಸಿದ ಪ್ರಾರ್ಥನೆಯನ್ನು ಗ್ರೀಕ್ ಭಾಷೆಯಲ್ಲಿ ಹೇಳಿಕೊಳ್ಳುತ್ತಿದ್ದರು.

ಪಾದ್ರಿ ಪೆರಾಂ ಅವರೊಂದಿಗೆ ದೀಕ್ಷಾಸ್ನಾನದ ಮಾತು ಬಂದಾಗ ಸಿಮೋನ್ ಒಪ್ಪಲಿಲ್ಲ. ಕ್ರಿಸ್ತನನ್ನು ಒಪ್ಪಿದ್ದರು, ಚರ್ಚಿನ ಸದಸ್ಯರಾಗಲಿಲ್ಲ. ಗ್ರೀಕರಲ್ಲಿ, ಗೀತೆಯಲ್ಲಿ ಕಂಡ ಬೆಳಕನ್ನು ಚರ್ಚು ಹೊರಗಿಡುವುದಾದರೆ ತಾನೂ ಹೊರಗೇ ಇರುತ್ತೇನೆ, ನಂಬದವರ ದೊಡ್ಡ ಸಮೂಹವನ್ನು ಬಿಟ್ಟುಬರಲಾರೆ ಎಂಬುದು ಅವರ ವಾದ. 1943ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ವಯಸ್ಸು 34. ಪೆರಾಂ ಅವರಿಗೆ ಬರೆದ ಪತ್ರಗಳು ‘ದೇವರಿಗಾಗಿ ಕಾಯುತ್ತ’ ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಬಂದದ್ದು 1950ರಲ್ಲಿ.

ಅವರದ್ದೆಲ್ಲವನ್ನೂ ನಾವು ಅನುಸರಿಸಬೇಕಿಲ್ಲ. ಉಪವಾಸದಿಂದ ದೇಹವನ್ನು ಸವೆಸಿಕೊಂಡ ಕಠೋರತೆ ಯಾರಿಗೂ ಮಾದರಿಯಾಗಬಾರದು. ಆದರೆ ಪ್ರಾರ್ಥನೆಯೆಂದರೆ ಪೂರ್ಣ ಗಮನ ಎಂದ ಅವರ ಮಾತು, ಮಂತ್ರ–ಸ್ತೋತ್ರ ಕಲಿಯದೆ ಬೆಳೆದವರಿಗೆ ದೊಡ್ಡ ಧೈರ್ಯ. ರೇಖಾಗಣಿತದ ಲೆಕ್ಕವೊಂದು ಬಿಡಿಸಲು ಬಾರದಿದ್ದರೂ, ಅದರ ಮುಂದೆ ಮನಸ್ಸಿಟ್ಟು ಕುಳಿತ ಹೊತ್ತು ವ್ಯರ್ಥವಾಗದು, ಆ ಏಕಾಗ್ರತೆಯೇ ಮುಂದೆ ಪ್ರಾರ್ಥನೆಗೆ ಒದಗುತ್ತದೆ ಎಂದವರು ಅವರು. ಕಷ್ಟದಲ್ಲಿರುವವರ ಕಡೆಗೆ ಇಡುವ ಗಮನವೂ ಅದೇ ಜಾತಿಯದು.

ನಮ್ಮಲ್ಲಿ ಹೊಸದಾಗಿ ನಂಬಲು ಹೊರಟವರನ್ನು ಬೇಗನೆ ಸೆಳೆಯುವವರು ಟಿವಿ ಜ್ಯೋತಿಷಿಗಳು, ಪವಾಡ ತೋರುವವರು, ದ್ವೇಷವನ್ನೇ ಭಕ್ತಿಯೆಂದು ಹಂಚುವವರು. ವಿಚಾರವಂತರ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇಲ್ಲೊಂದು ಬಲವಿದೆ: ‘ಹೌದೇ? ಹೇಗೆ?’ ಎಂದು ಕೇಳುವ ರೂಢಿ. ಅದನ್ನು ಬಿಟ್ಟು ಬನ್ನಿ ಎನ್ನುವ ನಂಬಿಕೆಯ ಹತ್ತಿರ ಸುಳಿಯಬಾರದು.

ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ನಮ್ಮ ಸಂವಿಧಾನದ 25ನೇ ವಿಧಿ ಕೊಟ್ಟಿದೆ. ಅದು ಮನೆಯೊಳಗೂ ಸಲ್ಲಬೇಕು. ಮಗಳು ಗುಡಿಗೋ ದರ್ಗಾಕ್ಕೋ ಚರ್ಚಿಗೋ ಹೋಗಿಬಂದಳೆಂದು ವಿಚಾರವಾದಿ ತಂದೆ ಸೋತೆನೆಂದುಕೊಳ್ಳಬೇಕಿಲ್ಲ. ಯೋಚಿಸಿ ನಿರ್ಧರಿಸು ಎಂದು ಕಲಿಸಿದ್ದು ಅವರೇ. ಮಗಳೂ ತಂದೆಯ ನಂಬದಿರುವಿಕೆಯನ್ನು ಕೀಳೆಂದು ಬಗೆಯಬಾರದು. ತನ್ನ ನಂಬಿಕೆಗೆ ಸುಳ್ಳು ಬೆರೆಯದಂತೆ ಕಾಯುತ್ತಿರುವುದು ಆ ಮನೆಯ ಪಾಠವೇ. ಕೈಮುಗಿಯಬೇಕೆನಿಸಿದರೆ ನಾಚಿಕೆಪಡದೆ ಮುಗಿಯಿರಿ. ಉತ್ತರಕ್ಕೆ ಅವಸರಪಡಬೇಡಿ, ಪ್ರಶ್ನೆಯನ್ನು ಬಿಡಬೇಡಿ.